ಸಂಕದ ಮೇಲಿನ ರಾತ್ರಿ ಪಾಳಿ

ನಮ್ಮ ಹಿತ್ತಲಿಗೂ ತೋಟಕ್ಕೂ ನಡುವೆ ಒಂದು ಸಣ್ಣ ಹಳ್ಳ ಇದೆ. ಅದರ ಮೇಲೆ ನಾಲ್ಕು ಅಡಕೆ ಮರ ಅಡ್ಡ ಹಾಕಿ ಮಾಡಿದ ಸಂಕ. ಮಳೆಗಾಲ ಮುಗಿದ ಮೇಲೆ ಕೊಳೆತ ಮರ ತೆಗೆದು ಹೊಸದು ಹಾಕುವುದು ನನ್ನ ಕೆಲಸ. ಹಾಕುವವನು ನಾನು, ಓಡಾಡುವವರು ನಮ್ಮ ಮನೆಯವರು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಕಳೆದ ಚಳಿಗಾಲದಲ್ಲಿ ಬಾಳೆಹಣ್ಣು ಕಾಣೆಯಾಗತೊಡಗಿತು. ಪೂರ್ತಿ ಗೊನೆಯಲ್ಲ, ಹಣ್ಣಾದ ಒಂದೆರಡು ಚಿಪ್ಪು ಮಾತ್ರ. ಅದೂ ನಾಳೆ ಕಡಿಯೋಣ ಅಂದುಕೊಂಡ ರಾತ್ರಿಯೇ. ಅಮ್ಮ ಬುಡದಲ್ಲಿ ಬಿದ್ದಿದ್ದ ಸಿಪ್ಪೆ ನೋಡಿ "ಕಬ್ಬೆಕ್ಕು" ಅಂದಳು. ರಾತ್ರಿ ಹಣ್ಣು ತಿನ್ನಲು ಬರುವ, ಪುನುಗು ಬೆಕ್ಕಿನ ಜಾತಿಯ ಪ್ರಾಣಿ ಅದು. ನನಗೆ ಮಂಗನ ಮೇಲೆ ಅನುಮಾನ. "ಮಂಗ ರಾತ್ರಿ ಬರ್ತದಾ? ಎಂತ ಮಾತಾಡ್ತೀಯ ಮಾರಾಯ" ಅಂದಳು. ಈ ವಾದ ಗೆಲ್ಲಬೇಕು ಅಂತಲೇ ನಾನು ಒಂದು ಟ್ರೇಲ್ ಕ್ಯಾಮೆರಾ ತರಿಸಿದ್ದು.

ಸಣ್ಣ ಟಿಫಿನ್ ಡಬ್ಬಿಯಷ್ಟಿನ ಪೆಟ್ಟಿಗೆ. ಬೆಲ್ಟ್ ಸುತ್ತಿ ಮರಕ್ಕೆ ಬಿಗಿದರೆ ಆಯ್ತು. ಒಳಗಿನ ಸೆನ್ಸರ್ ಕಾಯುವುದು ಆಕಾರವನ್ನಲ್ಲ, ಶಾಖವನ್ನು. ಸುತ್ತಲಿಗಿಂತ ಬೆಚ್ಚಗಿರುವುದೇನಾದರೂ ಎದುರಿಗೆ ಹಾದರೆ ಕ್ಯಾಮೆರಾ ಎಚ್ಚರವಾಗಿ ಫೋಟೊ ತೆಗೆಯುತ್ತದೆ. ಹಾಗಾಗಿ ಇದಕ್ಕೆ ಚಳಿಗಾಲವೇ ಸುಗ್ಗಿ. ಏಪ್ರಿಲ್ ಮಧ್ಯಾಹ್ನ ಗಾಳಿಗೂ ಪ್ರಾಣಿಯ ಮೈಗೂ ಬಿಸಿಯಲ್ಲಿ ಜಾಸ್ತಿ ವ್ಯತ್ಯಾಸ ಇರುವುದಿಲ್ಲ, ಮುಂದೆಯೇ ನಡೆದರೂ ಗೊತ್ತಾಗದೆ ಹೋಗಬಹುದು. ಪುಷ್ಯ ಮಾಸದ ಬೆಳಗಿನ ಜಾವದಲ್ಲಿ ಒಂದು ಇಲಿ ಓಡಿದರೂ ಸಾಕು. ಆದರೆ ಚಳಿಗಾಲದ ರಾತ್ರಿ ಉದ್ದ, ಬೆಳಕು ಬಿಟ್ಟೂ ಬಿಟ್ಟೂ ಬ್ಯಾಟರಿ ಬೇಗ ಸೋಲುತ್ತದೆ. ಬೆಳಕು ಅಂದರೆ ಇನ್‌ಫ್ರಾರೆಡ್. ಕಣ್ಣು ಕುಕ್ಕುವುದಿಲ್ಲ, ಆದರೆ ಫೋಟೊ ಕಪ್ಪು ಬಿಳುಪಿನಲ್ಲೇ ಬರುತ್ತದೆ.

ಮೊದಲ ವಾರ ಬಾಳೆಯ ಬುಡದಲ್ಲೇ ಕಟ್ಟಿದೆ. ಕಾರ್ಡು ತೆಗೆದು ನೋಡಿದರೆ ನೂರಾರು ಫೋಟೊ. ಹೆಚ್ಚಿನವುಗಳಲ್ಲಿ ಬಿಸಿಲಿಗೆ ಕಾದು ಗಾಳಿಗೆ ಆಡುವ ಬಾಳೆಲೆ. ಉಳಿದವು ನನ್ನವು. ಕ್ಯಾಮೆರಾ ಸರಿಯಾಗಿದೆಯಾ ಅಂತ ದಿನಕ್ಕೆ ಮೂರು ಸಲ ಹೋಗಿ ಬಗ್ಗಿ ನೋಡಿದ್ದೆನಲ್ಲ, ಅವು. ನನ್ನ ಮೂಗು ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಎರಡನೇ ವಾರ ಜೇಡ ಲೆನ್ಸಿನ ಮುಂದೆ ಬಲೆ ಕಟ್ಟಿ, ರಾತ್ರಿಯ ಫೋಟೊಗಳೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ. ಮೂರನೇ ವಾರ ಬ್ಯಾಟರಿ ಜಾಗದಲ್ಲಿ ಇರುವೆ ಸಂಸಾರ ಹೂಡಿತ್ತು, ಮೊಟ್ಟೆ ಸಮೇತ.

ಆಗ ಅದನ್ನು ಬಿಚ್ಚಿ ಸಂಕದ ಈಚೆ ದಡದ ಹಲಸಿನ ಮರಕ್ಕೆ ಕಟ್ಟಿದೆ, ಉತ್ತರಕ್ಕೆ ಮುಖ ಮಾಡಿ. ಹಾಗೆ ಕಟ್ಟಿದರೆ ಬಿಸಿಲು ನೇರ ಹೊಡೆಯುವುದಿಲ್ಲ. ಬೇಲಿಯಾಚೆಯದು ಸರ್ಕಾರಿ ಕಾಡು, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. ಕಟ್ಟುವ ಅಗತ್ಯವೂ ಬೀಳಲಿಲ್ಲ. ಕಾಡೇ ಸಂಕ ದಾಟಿ ಬರುತ್ತಿತ್ತು.

ಸಂಜೆ ಆರೂವರೆಗೆ ಕತ್ತಿ ಹಿಡಿದು ನಾನು. ರಾತ್ರಿ ಕಾಡುಬೆಕ್ಕು, ಮನೆ ಯಜಮಾನನ ಹಾಗೆ ಮಧ್ಯದಲ್ಲಿ ನಿಂತು ಮೈ ನೆಕ್ಕಿಕೊಂಡು ಹೋಗಿದೆ. ಒಂದು ಗಂಟೆಗೆ ಮೀನುಗೂಬೆ, ನೀರು ನೋಡುತ್ತ ಕೂತದ್ದು ಇಪ್ಪತ್ತು ನಿಮಿಷ. ಎರಡೂಕಾಲಿಗೆ ಕಬ್ಬೆಕ್ಕು. ನಾಲ್ಕಕ್ಕೆ ಮುಳ್ಳುಹಂದಿ ಬಂತು, ಸಂಕದ ತುದಿಯಲ್ಲಿ ನಿಂತಿತು, ಒಂದು ಕಾಲಿಟ್ಟಿತು, ಯೋಚಿಸಿತು, ಹಿಂದೆ ತಿರುಗಿತು. ಏಳು ಫೋಟೊ ಇವೆ ಇದರದ್ದೇ. ಕಾಡುಕುರಿ ಎಂಬ ಸಣ್ಣ ಜಿಂಕೆ ಸಂಕಕ್ಕೆ ಕಾಲೇ ಇಡಲಿಲ್ಲ, ಪಕ್ಕದಲ್ಲೇ ನೀರಿಗಿಳಿದು ದಾಟಿತು. ಬೆಳಿಗ್ಗೆ ಏಳಕ್ಕೆ ಕುತ್ತಿಗೆಯಲ್ಲಿ ಕಪ್ಪು ಪಟ್ಟೆಯ ಮುಂಗುಸಿ, ಬಾಯಲ್ಲಿ ಏಡಿ. ಏಳೂಕಾಲಿಗೆ ಮತ್ತೆ ನಾನು, ಮಫ್ಲರ್ ಸುತ್ತಿಕೊಂಡು, ಏನೂ ಗೊತ್ತಿಲ್ಲದ ಮುಖ.

ಅಮ್ಮನಿಗೆ ಕಬ್ಬೆಕ್ಕಿನ ಫೋಟೊ ತೋರಿಸಿದೆ. ಸೋತೆ ಅಂತ ಒಪ್ಪಿಕೊಳ್ಳಲೇಬೇಕಲ್ಲ. ಅವಳು ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ. "ಎಷ್ಟೊತ್ತಿಗೆ ಬಂದಿತ್ತು?" ಅಂದಳು. ಯಾರು ಬರುತ್ತಾರೆ ಅನ್ನುವುದು ಹೆಜ್ಜೆ, ಹಿಕ್ಕೆ, ಸಿಪ್ಪೆ ನೋಡಿ ಅವಳಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಗಂಟೆ ಮಾತ್ರ.

ಹೀಗೆ ಕಾಯುವುದು ಹೊಸದೇನಲ್ಲ. ಅಮೆರಿಕದಲ್ಲಿ ಜಾರ್ಜ್ ಷಿರಾಸ್ ಎಂಬ ವಕೀಲರು 1890ರ ದಶಕದಲ್ಲೇ ದಾರಿಗೆ ಅಡ್ಡವಾಗಿ ದಾರ ಕಟ್ಟಿ, ಜಿಂಕೆ ಅದನ್ನು ಎಳೆದರೆ ಬೆಳಕಿಗೆಂದು ಇಟ್ಟ ಪುಡಿ ಭಗ್ ಎಂದು ಉರಿದು ತನ್ನ ಫೋಟೊ ತಾನೇ ತೆಗೆದುಕೊಳ್ಳುವ ಹಾಗೆ ಮಾಡಿದ್ದರು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಫೋಟೊ ಅಚ್ಚು ಹಾಕಿತು. ಆ ಜಿಂಕೆಗಳ ಎದೆ ಎಷ್ಟು ಡವಗುಟ್ಟಿತ್ತೋ. ನಮ್ಮಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಇಂಥ ಕ್ಯಾಮೆರಾಗಳಿಂದಲೇ ಹುಲಿ ಲೆಕ್ಕಕ್ಕೆ ಹೊಸ ದಾರಿ ತೋರಿಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ, ಹಾಗಾಗಿ ಗುರುತು ಸಿಗುತ್ತದೆ. ನಮ್ಮ ಕಬ್ಬೆಕ್ಕಿಗೆ ಪಟ್ಟೆಯಿಲ್ಲ. ಬಾಳೆಹಣ್ಣು ತಿನ್ನುವುದು ಒಂದೋ ಮೂರೋ, ನಾನು ಲೆಕ್ಕ ಬಿಟ್ಟಿದ್ದೇನೆ.

ಕಾಡುಕುರಿಯ ಫೋಟೊವನ್ನು ಉತ್ಸಾಹದಲ್ಲಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಒಬ್ಬರು ಮಾತ್ರ ಸಂಜೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಸುಮ್ನೆ ಕೇಳಿದ ಹಾಗೆ ಕೇಳಿದರು: "ದಿನಾ ಅಷ್ಟೇ ಹೊತ್ತಿಗೆ ಬರ್ತದಾ?" ಫೋಟೊದ ಕೆಳಗೆ ತಾರೀಕು, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತದಲ್ಲ. ಅಮ್ಮ ಕೇಳಿದ್ದೂ ಅದನ್ನೇ. ಆದರೆ ಈ ಸಲ ನನ್ನ ಬೆನ್ನು ತಣ್ಣಗಾಯಿತು. ಕ್ಯಾಮೆರಾದ ಗಡಿಯಾರ ತಪ್ಪಿದೆ ಅಂತ ಸುಳ್ಳು ಹೇಳಿ ಫೋನಿಟ್ಟೆ. ಆಮೇಲೆ ಒಂದು ಫೋಟೊವೂ ಆ ಗುಂಪಿಗೆ ಹೋಗಿಲ್ಲ.

ನಾವು ಅವುಗಳ ಗಂಟೆ ನೋಡುತ್ತಿದ್ದ ಹಾಗೆ ಅವೂ ನಮ್ಮದನ್ನು ನೋಡುತ್ತಿದ್ದವು ಅನ್ನುವುದು ತಡವಾಗಿ ಹೊಳೆಯಿತು. ಅಡಕೆ ಸುಲಿತದ ದಿನಗಳಲ್ಲಿ ಅಂಗಳದ ದೀಪ ರಾತ್ರಿ ಹನ್ನೊಂದಕ್ಕೆ ಆರುತ್ತಿತ್ತು. ಸಂಕದ ಮೇಲೆ ಮೊದಲ ಫೋಟೊ ಹನ್ನೊಂದೂವರೆಯ ನಂತರವೇ. ಸುಲಿತ ಮುಗಿದು ನಾವು ಎಂಟೂವರೆಗೆಲ್ಲ ಕಂಬಳಿ ಹೊದೆಯತೊಡಗಿದ ವಾರ ಕಾಡುಬೆಕ್ಕು ಒಂಬತ್ತಕ್ಕೇ ಹಾಜರು.

ಈ ವರ್ಷ ಮಳೆ ನಿಂತ ಮೇಲೆ ಸಂಕಕ್ಕೆ ಮರ ಕಡಿದು ತಂದೆ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಎಣಿಸಿದಳು. "ನಾಲ್ಕು ಸಾಲ್ದು. ಇನ್ನೊಂದು ಹಾಕು. ಆ ಮುಳ್ಳುಹಂದಿಗೆ ಅಗಲ ಕಮ್ಮಿ ಆಗಿತ್ತಲ್ವಾ?"