ಲೈಸೆನ್ಸ್ ಉಂಟು, ರೇಂಜ್ ಇಲ್ಲ

ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಪೊಲೀಸರು ನಮ್ಮ ಭಾವನ ಪಿಕಪ್ ನಿಲ್ಲಿಸಿದರು. ಲೈಸೆನ್ಸ್ ಕೇಳಿದರು. ಭಾವ ಫೋನ್ ತೆಗೆದ, ಎತ್ತಿ ಹಿಡಿದ, ಆಮೇಲೆ ಗಾಡಿಯಿಂದ ಇಳಿದು ಗುಡ್ಡದ ಕಡೆಗೆ ಬಿರಬಿರನೆ ನಡೆದ. ಆಸಾಮಿ ಓಡಿಹೋಗ್ತಿದ್ದಾನೆ ಅಂತ ಪೊಲೀಸರೂ ಹಿಂದೆಯೇ ಗುಡ್ಡ ಹತ್ತಿದರು. ಪಾಪ, ಅವನು ರೇಂಜ್ ಹುಡುಕ್ತಾ ಇದ್ದದ್ದು.

ಮೇಲೆ ಗೇರುಮರದ ಬುಡದಲ್ಲಿ ಒಂದು ಕಡ್ಡಿ ರೇಂಜ್ ಸಿಕ್ಕಿತು. ಲೈಸೆನ್ಸ್ ಇಳಿಸಿಕೊಳ್ಳುವ ಆ್ಯಪ್ ಒಟಿಪಿ ಕೇಳಿತು. ಒಟಿಪಿ ಹೋದದ್ದು ಆಧಾರಿಗೆ ಕೊಟ್ಟ ನಂಬರಿಗೆ. ಆ ಸಿಮ್ ಇರುವುದು ಅಕ್ಕನ ಫೋನಿನಲ್ಲಿ. ಅಕ್ಕ ಆಗ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದಳು, ಅಲ್ಲಿಯೂ ರೇಂಜ್ ಇಲ್ಲ.

ಕಾನೂನಿನಲ್ಲಿ ತಪ್ಪಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಡಿಜಿಲಾಕರಿನಲ್ಲೋ ಎಂಪರಿವಾಹನ್ ಆ್ಯಪಿನಲ್ಲೋ ತೋರಿಸಿದ ಲೈಸೆನ್ಸ್ ಕಾರ್ಡಿಗೆ ಸಮ ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿಯಾಗಿದೆ. ಆದರೆ ಆ್ಯಪಿನೊಳಗೆ ಇರುವುದು ಮಾತ್ರ ಅಸಲಿ, ಅದರದ್ದೇ ಸ್ಕ್ರೀನ್‌ಶಾಟ್ ತೋರಿಸಿದರೆ ಅದು ಬರೀ ಫೋಟೋ. ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಫೈನ್, ನಿಲ್ಲಿಸಿದ ಮೇಲೆ ಫೋನ್ ಇಲ್ಲದಿದ್ದರೆ ಫೈನ್. ಚಾರ್ಜ್ ಮುಗಿದರೆ ಏನು ಅಂತ ಮಾತ್ರ ಕೇಳಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಗೊತ್ತಾದವರು ಯಾರಿದ್ದಾರೆ ಮಾರಾಯ್ರೆ.

ಇಷ್ಟಕ್ಕೂ ಕೇರಳಕ್ಕೆ ಈ ಡಿಜಿಟಲ್ ಪ್ರೀತಿ ಹುಟ್ಟಿದ ಕತೆ ಗೊತ್ತಲ್ಲ? 2023ರ ತನಕ ನಮಗೆ ಸಿಗುತ್ತಿದ್ದದ್ದು ಕಾಗದದ ಲೈಸೆನ್ಸ್, ಅದಕ್ಕೊಂದು ಲ್ಯಾಮಿನೇಷನ್. ಬೇರೆ ರಾಜ್ಯದ ಪೊಲೀಸರಿಗೆ ಕೊಟ್ಟರೆ ಲೈಬ್ರರಿ ಕಾರ್ಡ್ ಕೊಟ್ಟ ಹಾಗೆ ಮುಖ ನೋಡುತ್ತಿದ್ದರು. ಆ ವರ್ಷ ಏಪ್ರಿಲಿನಲ್ಲಿ ಚಂದದ ಪ್ಲಾಸ್ಟಿಕ್ ಕಾರ್ಡ್ ಬಂತು. ಅದರಲ್ಲಿ ಏಳು ಬಗೆಯ ಭದ್ರತೆ, 200 ರೂಪಾಯಿ ಫೀಸು. ಎಷ್ಟು ಭದ್ರ ಅಂದರೆ, ಕಳ್ಳನಿಗೆ ಮಾತ್ರ ಅಲ್ಲ, ದುಡ್ಡು ಕಟ್ಟಿದವನ ಕೈಗೂ ಸಿಗಲಿಲ್ಲ! ಅಚ್ಚು ಹಾಕುವವರಿಗೆ ಸರ್ಕಾರ ಕೊಡಬೇಕಾದ ದುಡ್ಡು ಬಾಕಿಯಾಗಿ, ಅದೇ ವರ್ಷದ ಕೊನೆಗೆ ಮುದ್ರಣವೇ ನಿಂತಿತು. ಜನ 200 ರೂಪಾಯಿ ಕಟ್ಟಿ ಪೋಸ್ಟ್‌ಮ್ಯಾನ್ ದಾರಿ ಕಾಯ್ತಾ ಕೂತರು. 2024ರಲ್ಲಿ ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಡಿಜಿಟಲ್ ಲೈಸೆನ್ಸಿನ ಮಾತೆತ್ತಿದರು, ಇನ್ನು ಕಾರ್ಡೇ ಬೇಡ ಅಂತ. ಡಬ್ಬದಲ್ಲಿ ಅಕ್ಕಿ ಮುಗಿದ ದಿನವೇ ಮನೆಯಲ್ಲಿ ಏಕಾದಶಿ ಮಾಡಿದ ಹಾಗೆ.

ಅದೇ ಸರ್ಕಾರ 2023ರ ಜೂನಿನಿಂದ 726 ಕ್ಯಾಮೆರಾ ಇಟ್ಟು ಫೈನ್ ಹಾಕಲು ಶುರು ಮಾಡಿತ್ತು. ಫೈನಿನ ಮೆಸೇಜಿಗೆ ಗುಡ್ಡ ಹತ್ತಬೇಕಾಗಿಯೂ ಇಲ್ಲ, ನಡುಮನೆಯಲ್ಲಿ ಮಲಗಿದವನ ಫೋನಿಗೂ ಬಂದು ಮುಟ್ಟುತ್ತದೆ.

ನಮ್ಮ ಗಡಿಯವರ ಇನ್ನೊಂದು ಗೋಳು ಹೆಸರಿನದ್ದು. ಡಿಜಿಲಾಕರಿಗೆ ಆಧಾರಿನ ಹೆಸರೂ ಲೈಸೆನ್ಸಿನ ಹೆಸರೂ ಒಂದೇ ಇರಬೇಕು. ಭಾವನ ಹೆಸರು ಅವನ ಅಪ್ಪ ಇಟ್ಟದ್ದು ಕನ್ನಡದಲ್ಲಿ, ಶಾಲೆಯಲ್ಲಿ ಬರೆದದ್ದು ಕನ್ನಡದಲ್ಲಿ, ಆಧಾರಿನಲ್ಲಿ ಟೈಪ್ ಮಾಡಿದ ಹುಡುಗ ಕೇಳಿಸಿಕೊಂಡದ್ದು ಮಲಯಾಳದಲ್ಲಿ, ಲೈಸೆನ್ಸಿಗೆ ಹಾಕಿದವರು ಬರೆದದ್ದು ಅವರಿಗೆ ತೋಚಿದ ಇಂಗ್ಲಿಷಿನಲ್ಲಿ. ಒಂದರಲ್ಲಿ ಭಟ್ಟನಿಗೆ ಒಂದು ಟಿ, ಇನ್ನೊಂದರಲ್ಲಿ ಎರಡು. ಮನೆಹೆಸರಿನ ಅಕ್ಷರ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಭಾವ ಇಬ್ಬರು. ಒಬ್ಬನಿಗೆ ಲೈಸೆನ್ಸ್ ಉಂಟು, ಇನ್ನೊಬ್ಬನಿಗೆ ಫೋನ್ ಉಂಟು.

1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ ಯಾರೂ ನಮ್ಮ ಹತ್ತಿರ ಒಟಿಪಿ ಕೇಳಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಅಂತ ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟ ಅರ್ಜಿಯ ಸ್ಟೇಟಸ್ ಈಗಲೂ 'ಪರಿಶೀಲನೆಯಲ್ಲಿದೆ' ಅಂತಲೇ ಇರಬೇಕು. ಅದರ ಮುಂದೆ ಭಾವನ ಒಂದು ಟಿ ಯಾವ ದೊಡ್ಡ ವಿಷಯ ಅಲ್ವಾ?

ಕೊನೆಗೆ ಅಲೆದು ಅಲೆದು, ಎರಡನೇ ಟಿಯನ್ನು ಹೇಗೋ ತೆಗೆಸಿ, ಭಾವ ಆ್ಯಪಿನಲ್ಲಿ ಲೈಸೆನ್ಸ್ ಇಳಿಸಿಕೊಂಡ. ಇಳಿಸಿಕೊಂಡವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಸೀದಾ ಪೇಟೆಗೆ ಹೋಗಿ ಕಲರ್ ಪ್ರಿಂಟ್ ತೆಗೆಸಿದ, ಲ್ಯಾಮಿನೇಷನ್ ಮಾಡಿಸಿದ. ಅಲ್ಲಿ ಅದೇ ಕೆಲಸಕ್ಕೆ ಬಂದವರ ಸಾಲು ಬೇರೆ. ಸರ್ಕಾರ ಹಾಕಬೇಕಾಗಿದ್ದ ಅಚ್ಚನ್ನು ಈಗ ನಾವೇ ಹಾಕಿಸುವುದು, ಅದಕ್ಕೆ ಡಿಜಿಟಲ್ ಅಂತ ಹೆಸರು. ಲ್ಯಾಮಿನೇಷನ್ನಿನಿಂದ ಹೊರಟ ಲೈಸೆನ್ಸ್ ಪ್ಲಾಸ್ಟಿಕ್ಕು, ಮೋಡ, ಗುಡ್ಡ ಎಲ್ಲ ಸುತ್ತಿ ಮತ್ತೆ ಲ್ಯಾಮಿನೇಷನ್ನಿಗೇ ಬಂದು, ಹಳೆಯದು ಇದ್ದ ಅದೇ ಪರ್ಸಿನ ಅದೇ ಗೂಡಿನಲ್ಲಿ ಕೂತಿತು.

ಮೊನ್ನೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲಿ ಅವನ ಕಿಸೆಯಿಂದ ಫೋನೂ ಪರ್ಸೂ ಒಟ್ಟಿಗೆ ಮೈಲುತುತ್ತಿನ ಡ್ರಮ್ಮಿಗೆ ಬಿದ್ದವು. ಫೋನ್ ಹೋಯ್ತಾ ಅಂತ ಓಡಿಹೋಗಿ ಕೇಳಿದೆ.

"ಫೋನ್ ಸಾಯಲಿ ಮಾರಾಯ, ಮೊದಲು ಲೈಸೆನ್ಸ್ ಹೆಕ್ಕು" ಅಂದ.