ಪ್ರಾರ್ಥನೆಯಲ್ಲಿ ಪವಾಡ ಕೇಳಬೇಕೆ?

ಪರ: ಕೇಳುವುದರಲ್ಲಿ ನಾಚಿಕೆ ಏಕೆ?

ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋದವರಿಗೆ ಆ ಸಾಲು ಗೊತ್ತು. ಕೈಯಲ್ಲಿ ಮೊಂಬತ್ತಿ, ಹೂವಿನ ಹಾರ. ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಕೈಯಲ್ಲಿ ಜಪಸರ ಹಿಡಿದವರು ಎಲ್ಲರೂ ಒಟ್ಟಿಗೇ ನಿಂತಿರುತ್ತಾರೆ. ಕೇಳುವುದೂ ಹೆಚ್ಚುಕಡಿಮೆ ಒಂದೇ. ಮಗನಿಗೆ ಕೆಲಸ ಸಿಗಬೇಕು, ಮಗಳಿಗೆ ಮದುವೆ ಆಗಬೇಕು, ಗಂಡ ಕುಡಿತ ಬಿಡಬೇಕು, ಸ್ಕ್ಯಾನ್ ರಿಪೋರ್ಟ್ ಚೆನ್ನಾಗಿ ಬರಬೇಕು.

ಇದನ್ನು ನೋಡಿ ನಮ್ಮ ಕ್ರೈಸ್ತರಲ್ಲೇ ಕೆಲವರಿಗೆ ಮುಜುಗರ. ಪ್ರಾರ್ಥನೆ ಅಂದರೆ ಮೌನ, ಸ್ತುತಿ, ಧ್ಯಾನ. ಹೀಗೆ ಪಟ್ಟಿ ಹಿಡಿದು ದೇವರನ್ನು ಕಾಡುವುದು ಕೆಳಮಟ್ಟದ ಭಕ್ತಿ ಅನ್ನುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅನುದಿನದ ಆಹಾರ ಕೊಡು ಎಂಬ ಬೇಡಿಕೆ ಇದೆ ಅಲ್ವಾ? ಹೊಟ್ಟೆಯ ವಿಷಯ ಅವನಿಗೆ ಸಣ್ಣದಾಗಿ ಕಾಣಲಿಲ್ಲ. ನಮಗೇಕೆ ಕಾಣಬೇಕು?

ಬುಡದ ಮಾತು ಇನ್ನೊಂದಿದೆ. ಕ್ರೈಸ್ತ ನಂಬಿಕೆ ನಿಂತಿರುವುದೇ ಒಂದು ಪವಾಡದ ಮೇಲೆ. ಕ್ರಿಸ್ತ ಸತ್ತವರೊಳಗಿಂದ ಎದ್ದು ಬರದಿದ್ದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎಂದು ಪೌಲ ಕೊರಿಂಥದವರಿಗೆ ನೇರವಾಗಿ ಬರೆದ. ಈಸ್ಟರ್ ದಿನ ಸಮಾಧಿ ಬರಿದಾಗಿತ್ತು ಎಂದು ಹಾಡಿ, ಸೋಮವಾರ ಬಂದ ಕೂಡಲೇ ದೇವರು ಈಗ ಏನೂ ಮಾಡುವುದಿಲ್ಲ ಅಂದುಕೊಂಡು ಬದುಕಲು ನನಗಂತೂ ಆಗುವುದಿಲ್ಲ. "ಯೇಸು ಕ್ರಿಸ್ತನು ನಿನ್ನೆ ಇದ್ದ ಹಾಗೆ ಈಹೊತ್ತೂ ಇದ್ದಾನೆ" ಎಂಬ ವಚನ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ತೂಗುತ್ತಿರುತ್ತದೆ. ಅದನ್ನು ಸುಮ್ನೆ ಅಂದಕ್ಕೆ ತೂಗುಹಾಕಿದ್ದೇವಾ?

ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹೆಸರಿಲ್ಲ. ಹನ್ನೆರಡು ವರ್ಷದಿಂದ ರಕ್ತಸ್ರಾವ. ಅನೇಕ ವೈದ್ಯರ ಹತ್ತಿರ ಹೋಗಿ, ಇದ್ದದ್ದನ್ನೆಲ್ಲ ಖರ್ಚು ಮಾಡಿ, ಕೊನೆಗೆ ರೋಗ ಇನ್ನೂ ಜಾಸ್ತಿಯೇ ಆಗಿರುತ್ತದೆ. ಚೀಟಿ ಹಣ ಎತ್ತಿ, ಬಳೆ ಅಡವಿಟ್ಟು ಆಸ್ಪತ್ರೆ ಬಿಲ್ ಕಟ್ಟಿದ ಯಾವ ಹೆಂಗಸಿಗೂ ಈ ಸಾಲನ್ನು ಯಾರೂ ವಿವರಿಸಬೇಕಾಗಿಲ್ಲ. ಅಂದಿನ ಧರ್ಮಶಾಸ್ತ್ರದ ಪ್ರಕಾರ ಅವಳು ಮೈಲಿಗೆ. ಮುಟ್ಟಿದವರೂ ಮೈಲಿಗೆ. ಆದರೂ ಗುಂಪಿನಲ್ಲಿ ನುಗ್ಗಿ, ಹಿಂದಿನಿಂದ ಬಂದು, ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಗುಣವಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಯೇಸು ಮುಗಿಸುವುದಿಲ್ಲ. ನನ್ನನ್ನು ಮುಟ್ಟಿದವರು ಯಾರು ಎಂದು ನಿಂತೇ ಬಿಡುತ್ತಾನೆ. ಪಕ್ಕದಲ್ಲಿ ಸಭಾಮಂದಿರದ ಅಧಿಕಾರಿ ಯಾಯಿರ ಕಾಯುತ್ತಿದ್ದಾನೆ, ಅವನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಆದರೂ ಆ ದೊಡ್ಡ ಮನುಷ್ಯನನ್ನು ಕಾಯಿಸಿ, ನಡುಗುತ್ತಾ ಬಂದ ಈ ಬಡವಿಯ ಮಾತನ್ನು ಪೂರ್ತಿ ಕೇಳುತ್ತಾನೆ. "ಮಗಳೇ" ಎಂದು ಎಲ್ಲರೆದುರು ಕರೆಯುತ್ತಾನೆ. ಹನ್ನೆರಡು ವರ್ಷ ದೂರ ಇಟ್ಟಿದ್ದ ಊರಿನ ಮುಂದೆ ಅವಳಿಗೆ ಮತ್ತೆ ಜಾಗ ಸಿಕ್ಕಿತು. ಪವಾಡ ಅಂದರೆ ನನಗೆ ಇಷ್ಟೂ ಸೇರಿ. ರಕ್ತ ನಿಂತದ್ದು ಅದರ ಒಂದು ಭಾಗ.

ಆರೋಗ್ಯ ವಿಮೆ, ಉಳಿತಾಯ, ಪರಿಚಯದ ಡಾಕ್ಟರ್ ಎಲ್ಲ ಇದ್ದವರಿಗೆ ಪವಾಡ ಬೇಡ ಅನ್ನುವುದು ಸುಲಭ. ಕಾರ್ಕಳದ ಅತ್ತೂರಿನಲ್ಲಿ ಜನವರಿ ತಿಂಗಳ ಸಂತ ಲಾರೆನ್ಸರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ. ಮೊಂಬತ್ತಿ ಹಚ್ಚಿ ತಾಸುಗಟ್ಟಲೆ ನಿಲ್ಲುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಬೇರೆ ಬಾಗಿಲುಗಳು ಮುಚ್ಚಿಹೋಗಿವೆ. ಈ ಒಂದು ಬಾಗಿಲನ್ನೂ ಮುಚ್ಚಿ ಎಂದು ಯಾವ ಬಾಯಲ್ಲಿ ಹೇಳುವುದು?

ಪವಾಡ ಅಂದ ಕೂಡಲೇ ಕಣ್ಣು ಮುಚ್ಚಿ ನಂಬುವುದು ಎಂದೂ ಅಲ್ಲ. ಫ್ರಾನ್ಸಿನ ಲೂರ್ದ್ ನೋಡಿ. 1858ರಲ್ಲಿ ಬರ್ನದೆತ್ ಎಂಬ ಬಡ ಹುಡುಗಿಗೆ ಗವಿಯಲ್ಲಿ ಮಾತೆ ಮರಿಯಳ ದರ್ಶನವಾಯಿತು ಎಂಬಲ್ಲಿಂದ ಅಲ್ಲಿನ ಯಾತ್ರೆ ಶುರು. 1883ರಿಂದಲೇ ಅಲ್ಲಿ ವೈದ್ಯರ ಕಚೇರಿಯೊಂದಿದೆ. ಗುಣವಾಯಿತು ಎಂದು ಬಂದವರ ಹಳೆಯ ದಾಖಲೆ, ಪರೀಕ್ಷೆ, ಚಿಕಿತ್ಸೆ ಎಲ್ಲವನ್ನೂ ಡಾಕ್ಟರುಗಳು ಕೆದಕುತ್ತಾರೆ. ರೋಗ ನಿಜವಾಗಿ ಇತ್ತಾ? ಥಟ್ಟನೆ ಹೋಯಿತಾ? ಪೂರ್ತಿ ಹೋಯಿತಾ? ಮತ್ತೆ ಬರಲಿಲ್ಲವಾ? ಔಷಧಿಯಿಂದ ಹೋದದ್ದಲ್ಲ ತಾನೇ? ಇಲ್ಲಿಯವರೆಗೆ ಏಳು ಸಾವಿರಕ್ಕೂ ಹೆಚ್ಚು ಜನ ಹೇಳಿಕೊಂಡಿದ್ದಾರೆ. ಧರ್ಮಸಭೆ ಪವಾಡ ಎಂದು ಒಪ್ಪಿದ್ದು 70ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಪ್ಪತ್ತನೆಯದು ಒಬ್ಬ ಫ್ರೆಂಚ್ ಸಿಸ್ಟರ್‌ದು. ಬೆನ್ನುಹುರಿಯ ಬುಡದ ನರಗಳ ತೊಂದರೆಯಿಂದ ವರ್ಷಗಟ್ಟಲೆ ನರಳಿದವರು. 2008ರಲ್ಲಿ ಲೂರ್ದಿಗೆ ಹೋಗಿ ಬಂದ ಮೇಲೆ ಕಾಲಿನ ಪಟ್ಟಿ ಬಿಚ್ಚಿಟ್ಟು ನಡೆದರು. ಅದನ್ನು ಪವಾಡವೆಂದು ಘೋಷಿಸಿದ್ದು 2018ರಲ್ಲಿ. ಹತ್ತು ವರ್ಷ ಕಾಯಿಸಿದರು. ಇದಕ್ಕಿಂತ ಎಚ್ಚರ ಏನು ಬೇಕು?

ದೇವರು ತಮಗೆ ಮಾಡಿದ್ದನ್ನು ಸಭೆಯಲ್ಲಿ ಎದ್ದು ನಿಂತು ಹೇಳುವ ಸಾಕ್ಷಿಗಳನ್ನು ನಾನು ಕೇಳಿಸಿಕೊಳ್ಳುವವಳು. ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಕೂತದ್ದು ರೋಗದ್ದಲ್ಲ. ಒಬ್ಬಾಕೆ ಎದ್ದು ನಿಂತು, ಸೆರಗಿನ ತುದಿ ತಿರುಚುತ್ತಾ, ಮದುವೆಯಾದ ಮೇಲೆ ಮೊದಲ ಸಲ ಗಂಡನ ಸಂಬಳದ ಕವರ್ ಒಡೆಯದೆ ಮನೆಗೆ ಬಂತು ಅಂದಳು. ಕುಡಿತ ಬಿಡಲು ಕುಡುಕರೇ ನಡೆಸುವ ಸಭೆಗೆ ಗಂಡ ಹೋಗುತ್ತಿದ್ದ. ಇವಳು ಪ್ರಾರ್ಥಿಸುತ್ತಿದ್ದಳು. ಯಾವುದರಿಂದ ಆಯಿತು ಎಂದು ಅವಳು ಬೇರ್ಪಡಿಸಲಿಲ್ಲ. ನಾನೂ ಬೇರ್ಪಡಿಸುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾಗುವ ಮೊದಲು ಆ ಆರು ಕಲ್ಲಿನ ಬಾನೆಗಳಿಗೆ ಆಳುಗಳು ಕಂಠಮಟ್ಟ ನೀರು ಹೊತ್ತು ತುಂಬಿಸಿದ್ದರು. ಹೊತ್ತದ್ದೂ ಸುವಾರ್ತೆಯಲ್ಲಿದೆ, ಬದಲಾದದ್ದೂ ಇದೆ.

ವಿರೋಧ: ಆಗದವರ ಗತಿ ಏನು?

ದೇವರಿಗೆ ಪವಾಡ ಮಾಡಲು ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಪ್ರತಿದಿನ ಮೊಣಕಾಲೂರುವವನೇ. ನನ್ನ ತಕರಾರು ಪವಾಡ ನಮ್ಮ ನಂಬಿಕೆಯ ಅಳತೆಗೋಲಾಗುತ್ತಿರುವ ಬಗ್ಗೆ. ಆದವರು ನಂಬಿಕೆಯುಳ್ಳವರು, ಆಗದವರು ಕೊರತೆಯುಳ್ಳವರು ಎಂಬ ಲೆಕ್ಕದ ಬಗ್ಗೆ.

ನಮ್ಮ ಬಳಗದಲ್ಲಿ ಒಬ್ಬ ಹಿರಿಯರಿದ್ದರು. ಸಕ್ಕರೆ ಕಾಯಿಲೆ. ಇನ್ಸುಲಿನ್ ಫ್ರಿಜ್‌ನ ಬಾಗಿಲಲ್ಲಿ, ಮೊಟ್ಟೆಗಳ ಪಕ್ಕ ಇರುತ್ತಿತ್ತು. ಒಂದು ಉಪವಾಸ ಪ್ರಾರ್ಥನೆ ಕೂಟದಲ್ಲಿ ಅದನ್ನು ನಡೆಸುವವರು ತಲೆಗೆ ಎಣ್ಣೆ ಹಚ್ಚಿ ನಿಮಗೆ ಸ್ವಸ್ಥತೆ ಆಗಿದೆ, ಇನ್ನು ಸೂಜಿ ಚುಚ್ಚಿಕೊಂಡರೆ ಅದು ಅಪನಂಬಿಕೆ ಎಂದರು. ಹಿರಿಯರು ಇನ್ಸುಲಿನ್ ಬಿಟ್ಟರು. ಕಾಲಿನ ಒಂದು ಸಣ್ಣ ಗಾಯ ಮಾಗಲಿಲ್ಲ. ಕಪ್ಪಾಯಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಗೆ ನೋಡಲು ಬಂದವರಲ್ಲಿ ಒಬ್ಬರು ಹೇಳಿದ್ದು, "ಅಣ್ಣ, ನೀವು ಎಲ್ಲೋ ಸಂಶಯ ಪಟ್ಟಿದ್ದೀರಿ." ಕಾಲು ಕಳೆದುಕೊಂಡ ಮನುಷ್ಯ ತಪ್ಪೂ ತನ್ನದೇ ಎಂದು ಹೊತ್ತುಕೊಂಡರು. ಬಹಳ ದಿನ ಸಭೆಗೆ ಬರಲಿಲ್ಲ. ಕಾಲಿನ ಕಾರಣಕ್ಕೆ ಅಲ್ಲ, ನಾಚಿಕೆಯ ಕಾರಣಕ್ಕೆ.

ಈ ಮಾತು ಬೈಬಲಿನಲ್ಲಿ ಎಲ್ಲಿದೆ? ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದೇ ಜಾತಿಯ ಪ್ರಶ್ನೆ ಕೇಳಿದರು. ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದ ಯೇಸು. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗಲೂ, ಅವರು ಬೇರೆಯವರಿಗಿಂತ ಪಾಪಿಗಳಾಗಿದ್ದರು ಅಂದುಕೊಳ್ಳಬೇಡಿ ಎಂದ. ನಾವು ಮಾತ್ರ ಇವತ್ತಿಗೂ ಅದನ್ನೇ ಅಂದುಕೊಳ್ಳುತ್ತೇವೆ. ಸ್ವಲ್ಪ ಮೃದುವಾದ ಮಾತಿನಲ್ಲಿ, ಕೈ ಹಿಡಿದುಕೊಂಡು.

ಪೌಲನನ್ನೇ ತೆಗೆದುಕೊಳ್ಳಿ. ಅವನ ಕೈಯಿಂದ ಎಷ್ಟೋ ಜನ ಗುಣವಾದರು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ತನ್ನ ಶರೀರದ ಮುಳ್ಳನ್ನು ತೆಗೆ ಎಂದು ಅವನೇ ಮೂರು ಸಲ ಬೇಡಿಕೊಂಡಾಗ ಸಿಕ್ಕ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು." ಮುಳ್ಳು ಹೋಗಲಿಲ್ಲ. ಹೊಟ್ಟೆನೋವಿನ ಶಿಷ್ಯ ತಿಮೊಥೆಯನಿಗೆ ಪೌಲನಿಂದ ಹೋದ ಸಲಹೆ, ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ಆ ಕಾಲಕ್ಕೆ ಅದು ಔಷಧಿ. ಜೊತೆಗಾರ ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತ ಊರಿನಲ್ಲಿ ಬಿಟ್ಟು ಬಂದೆ ಎಂಬ ಸಾಲೂ ಇದೆ. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತು ಅನ್ನುವ ಧೈರ್ಯ ಯಾರಿಗಿದೆ? ಪೌಲನ ಜೊತೆಗಿದ್ದ ಲೂಕ ವೈದ್ಯ. ಅವನನ್ನು "ಪ್ರಿಯ ವೈದ್ಯ" ಎಂದೇ ಪತ್ರದಲ್ಲಿ ಕರೆದಿದ್ದಾರೆ.

ಸಾಕ್ಷಿಯ ಮಾತು ಬಂತು. ಸಂಬಳದ ಕವರಿನ ಸಾಕ್ಷಿ ನನಗೂ ಸಂತೋಷದ್ದೇ. ಆದರೆ ಅದೇ ಸಭೆಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. ಅಷ್ಟೇ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ), ಅಷ್ಟೇ ಉಪವಾಸ, ಅಷ್ಟೇ ಕಣ್ಣೀರು. ಅವಳ ಗಂಡ ಲಿವರ್ ಹೋಗಿ ಸತ್ತ. ಅವಳ ಕೈಗೆ ಮೈಕ್ ಯಾರೂ ಕೊಡುವುದಿಲ್ಲ. ಆದದ್ದನ್ನು ಮಾತ್ರ ಹೇಳಿಸಿ ಆಗದ್ದನ್ನು ಮುಚ್ಚಿಟ್ಟರೆ ಕೇಳುವವರಿಗೆ ಪ್ರಾರ್ಥನೆಗೆ ಯಾವಾಗಲೂ ಹೌದು ಎಂಬ ಉತ್ತರವೇ ಬರುತ್ತದೆ ಅನ್ನಿಸುತ್ತದೆ. ತಮಗೆ ಬರದಾಗ ಅವರು ಒಳಗೇ ಕುಸಿಯುತ್ತಾರೆ. ಲೂರ್ದಿನ ವೈದ್ಯರ ಎಚ್ಚರವನ್ನು ನಾನು ಗೌರವಿಸುತ್ತೇನೆ. ಆ ಎಚ್ಚರದಲ್ಲಿ ಹತ್ತರಲ್ಲಿ ಒಂದು ಪಾಲು ನಮ್ಮ ಮೈದಾನದ ಕೂಟಗಳಲ್ಲಿ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅಲ್ಲಿ ವೇದಿಕೆಯ ಮೇಲೆ ಗಾಲಿಕುರ್ಚಿಯಿಂದ ಎದ್ದವರನ್ನು ನಾಳೆ, ಆರು ತಿಂಗಳ ಮೇಲೆ ಯಾರು ಹೋಗಿ ನೋಡುತ್ತಾರೆ? ಎಣ್ಣೆ ಬಾಟಲಿ, ಪ್ರಾರ್ಥಿಸಿದ ಕರವಸ್ತ್ರ, "ಬೀಜ ಬಿತ್ತಿ" ಎಂದು ಕೇಳುವ ಹಣ, ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದೇ.

ಮದರ್ ತೆರೇಸಾ ಅವರ ವಿಷಯ ನನ್ನನ್ನು ಬಹಳ ಕಾಡಿದೆ. ಅವರನ್ನು ಸಂತರೆಂದು ಘೋಷಿಸಲು ಎರಡು ಪವಾಡ ಬೇಕಾಯಿತು. ಮೊದಲನೆಯದು ಪಶ್ಚಿಮ ಬಂಗಾಳದ ಒಬ್ಬ ಆದಿವಾಸಿ ಮಹಿಳೆಯದು. ಅವರ ಹೊಟ್ಟೆಯ ಗೆಡ್ಡೆ 1998ರಲ್ಲಿ ಮದರ್ ಅವರ ಮಧ್ಯಸ್ಥಿಕೆಯಿಂದ ಹೋಯಿತು ಎಂದು ವ್ಯಾಟಿಕನ್ 2002ರಲ್ಲಿ ಒಪ್ಪಿತು. ಚಿಕಿತ್ಸೆ ಕೊಟ್ಟ ವೈದ್ಯರು ಅದು ಔಷಧಿಯಿಂದ ವಾಸಿಯಾದದ್ದು ಎಂದರು. ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಪ್ರಶ್ನೆ ಬೇರೆ. ಅವರು ಸಂತರು ಎಂದು ತಿಳಿಯಲು ನಮಗೆ ಆ ಗೆಡ್ಡೆ ಬೇಕಾಗಿತ್ತಾ? 1952ರಲ್ಲಿ ಕಾಳಿಘಾಟದಲ್ಲಿ ಅವರು ತೆರೆದ ನಿರ್ಮಲ ಹೃದಯಕ್ಕೆ ಬರುತ್ತಿದ್ದವರು ಯಾರು? ಬೀದಿಯಲ್ಲಿ ಸಾಯುತ್ತಿದ್ದವರು. ಎಷ್ಟೋ ಜನ ಅಲ್ಲೇ ಕಣ್ಣು ಮುಚ್ಚಿದರು. ಅವರ ಮೈ ತೊಳೆದರು, ಬಾಯಿಗೆ ನೀರು ಬಿಟ್ಟರು, ಕೈ ಹಿಡಿದು ಕೂತರು. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಇನ್ನೊಂದು ಗೊತ್ತಾಯಿತು. ಹತ್ತಾರು ವರ್ಷ ಅವರಿಗೆ ದೇವರ ಇರವೇ ಅನುಭವಕ್ಕೆ ಬಂದಿರಲಿಲ್ಲ, ಒಳಗೆ ಬರೀ ಕತ್ತಲು. ಆದರೂ ಬೆಳಗ್ಗೆ ಎದ್ದು ಹೋಗಿ ಮೈ ತೊಳೆದರು. ಪವಾಡವೂ ಇಲ್ಲದೆ, ಸಮಾಧಾನವೂ ಇಲ್ಲದೆ ನಡೆದ ಈ ನಂಬಿಕೆಯನ್ನು ಯಾವ ಅಳತೆಗೋಲಿನಲ್ಲಿ ಅಳೆಯುವುದು?

ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುತ್ತಾರೆ. ಆ ಆಸ್ಪತ್ರೆಯ ಮೂಲ ತಮಿಳುನಾಡಿನ ತಿಂಡಿವನದ ಒಂದು ರಾತ್ರಿಯಲ್ಲಿದೆ. ಅಮೆರಿಕದ ಮಿಷನರಿ ವೈದ್ಯರ ಮಗಳು ಐಡಾ ಸ್ಕಡರ್ ಆಗಿನ್ನೂ ಇಪ್ಪತ್ತರ ಆಸುಪಾಸಿನ ಯುವತಿ, ಭಾರತದಲ್ಲಿ ಉಳಿಯುವ ಮನಸ್ಸೇ ಇರಲಿಲ್ಲ. ಒಂದೇ ರಾತ್ರಿ ಮೂವರು ಗಂಡಸರು ಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀನು ಬಾ ಎಂದು ಬೇಡಿಕೊಂಡರು. ಅಪ್ಪ ಡಾಕ್ಟರ್, ಆದರೆ ಗಂಡಸು, ಒಳಗೆ ಬಿಡುವ ಹಾಗಿಲ್ಲ. ಇವಳು ಹೆಂಗಸು, ಆದರೆ ಡಾಕ್ಟರ್ ಅಲ್ಲ. ಬೆಳಗಾಗುವಷ್ಟರಲ್ಲಿ ಆ ಮೂವರೂ ಹೆಂಗಸರು ಸತ್ತಿದ್ದರು. ಆ ಮನೆಗಳಲ್ಲಿ ಆ ರಾತ್ರಿ ಯಾರೂ ಪ್ರಾರ್ಥಿಸಲಿಲ್ಲ ಅಂದುಕೊಳ್ಳುತ್ತೀರಾ? ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1900ರಲ್ಲಿ ವಾಪಸ್ ಬಂದು, ಒಂದೇ ಹಾಸಿಗೆಯ ಚಿಕಿತ್ಸಾಲಯ ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಔಷಧಿ ಹಂಚಲು ಕೂತರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇವತ್ತು ಕುಷ್ಠ ಆರು ತಿಂಗಳ, ಜಾಸ್ತಿ ಹರಡಿದ್ದರೆ ಹನ್ನೆರಡು ತಿಂಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ದೇವರ ಕೈ ಎಲ್ಲಿದೆ ಎಂದು ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಆ ಮಾತ್ರೆಯ ಪಟ್ಟಿಯನ್ನು.

ಹಾಗಾದರೆ ಕೇಳಲೇಬಾರದಾ? ಕೇಳಿ. ಬೈಬಲಿನ ದಾನಿಯೇಲನ ಪುಸ್ತಕದ ಆ ಮೂವರು ಯುವಕರು ಬೆಂಕಿಯ ಮುಂದೆ ನಿಂತು ರಾಜನಿಗೆ ಹೇಳಿದ ಹಾಗೆ ಕೇಳಿ: ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಆ ಎರಡನೇ ಅರ್ಧ ನಮ್ಮ ವೇದಿಕೆಗಳಲ್ಲಿ ಕೇಳಿಸುವುದೇ ಇಲ್ಲ. ಸ್ವಸ್ಥತೆಯ ಕೂಟ ನಡೆಸುವ ಪಾಸ್ಟರುಗಳೂ ಫಾದರುಗಳೂ ಪ್ರತಿ ಸಲ, ಎಣ್ಣೆ ಹಚ್ಚುವ ಮೊದಲು, ಮೈಕಿನಲ್ಲಿ ಹೇಳಬೇಕು: ಡಾಕ್ಟರ್ ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ, ಇನ್ಸುಲಿನ್ ಬಿಡಬೇಡಿ. ವಾಸಿಯಾಗದೆ ಮನೆಗೆ ಹೋದವರ ಬಾಗಿಲಿಗೆ ಅದೇ ವಾರ ಹೋಗಿ ಕೂತುಕೊಳ್ಳಬೇಕು.