ಬೀಳುವ ಹಲ್ಲಿನ ಉಸಾಬರಿ

ಹಾಲುಹಲ್ಲು ಎಂಬಷ್ಟು ಮುದ್ದಾದ ಹೆಸರು ನಮ್ಮ ದೇಹದ ಬೇರಾವ ಭಾಗಕ್ಕೂ ದೊರೆತಂತಿಲ್ಲ. ಆದರೂ ಅದನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ ಮುದ್ದಿಗಿಂತ ತಾತ್ಸಾರವೇ ಹೆಚ್ಚು. ಕಪ್ಪಗಾದ ಮುಂಬಲ್ಲುಗಳನ್ನು ತೋರಿಸಿ ನಗುವ ಮಗುವನ್ನು ಕಂಡಾಗ, “ಹೇಗಿದ್ದರೂ ಬೀಳುವ ಹಲ್ಲು ತಾನೇ” ಎಂದುಬಿಡುತ್ತೇವೆ. ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದವನು. ಸುಮಾರು 6ನೆಯ ತಿಂಗಳಿನಲ್ಲಿ ಮೊಳೆಯತೊಡಗಿ, ಮೂರು ವರ್ಷ ತುಂಬುವ ಹೊತ್ತಿಗೆ 20ರ ಬಳಗವಾಗುವ ಈ ಹಲ್ಲುಗಳಲ್ಲಿ ಮುಂದಿನವು ಬೇಗನೆ ಉದುರಿದರೂ, ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೆ ದುಡಿಯಬೇಕಾಗುತ್ತದೆ. ಅಷ್ಟೇ ಅಲ್ಲ, ಮುಂದೆ ಬರುವವರಿಗಾಗಿ ಅವು ಜಾಗ ಹಿಡಿದುಕೊಂಡು ಕುಳಿತಿರುತ್ತವೆ. ಹುಳುಕಾಗಿ ಬೇಗನೆ ಎದ್ದು ಹೋದರೆ ಅಕ್ಕಪಕ್ಕದವು ಸರಿದುಕೊಂಡು, ತಡವಾಗಿ ಬಂದ ಶಾಶ್ವತ ಹಲ್ಲು ಎಲ್ಲಿಯೋ ಓರೆಯಾಗಿ ತೂರಿಕೊಳ್ಳಬೇಕಾದೀತು.

ಹುಳುಕು ಎಂಬ ಮಾತಿನೊಳಗೇ ಒಂದು ಹುಳು ಅವಿತಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಸಾವಿರಾರು ವರ್ಷ ಹಳೆಯದು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ ತನ್ನ 1728ರ ಗ್ರಂಥದಲ್ಲಿ ಅಂಥ ಹುಳುವನ್ನು ತಾನು ಕಂಡೇ ಇಲ್ಲವೆಂದು ಬರೆದ ಮೇಲೂ ಅದು ನಮ್ಮ ಮಾತಿನಿಂದ ಹೊರಬಿದ್ದಿಲ್ಲ. ನಿಜವಾದ ಅಪರಾಧಿಗಳು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಮಗು ತಿಂದ ಸಕ್ಕರೆಯಲ್ಲಿ ಅವು ತಮ್ಮ ಪಾಲನ್ನು ಪಡೆದು, ಆಮ್ಲವನ್ನು ಬಿಟ್ಟುಕೊಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನಿಂದ ಕ್ಯಾಲ್ಸಿಯಮ್ಮನ್ನು ಕರಗಿಸುತ್ತದೆ. ಸುಮಾರು ಅರ್ಧ ಗಂಟೆ ನಡೆಯುವ ಈ ದಾಳಿಯ ನಂತರ ಜೊಲ್ಲು ನಿಧಾನವಾಗಿ ರಿಪೇರಿಗೆ ತೊಡಗುತ್ತದೆ. ಆದ್ದರಿಂದ ಮಗು ಎಷ್ಟು ಸಿಹಿ ತಿಂದಿತು ಎನ್ನುವುದಕ್ಕಿಂತ ಎಷ್ಟು ಸಲ ತಿಂದಿತು ಎನ್ನುವುದೇ ದೊಡ್ಡ ಪ್ರಶ್ನೆ. ಒಂದೇ ಬಿಸ್ಕತ್ತನ್ನು ಮುಷ್ಟಿಯಲ್ಲಿ ಹಿಡಿದು, ಅಂಚನ್ನು ನೆಕ್ಕಿ, ಮರೆತು, ಮತ್ತೆ ನೆನಪಾಗಿ ಚೀಪುತ್ತ ಇಡೀ ಮಧ್ಯಾಹ್ನವನ್ನು ಕಳೆಯುವ ಮಗುವಿನ ಬಾಯಲ್ಲಿ ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ. ಊಟದ ಜೊತೆಗೇ ಸಿಹಿ ತಿಂದು ಮುಗಿಸುವ ಮಗು ಇದಕ್ಕಿಂತ ಎಷ್ಟೋ ವಾಸಿ.

ಹಾಲುಹಲ್ಲಿಗೆ ಹಾಲೇ ಮುಳುವಾಗುವುದು ಇನ್ನೊಂದು ವಿಪರ್ಯಾಸ. ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋದ ಮಗುವಿನ ಮೇಲಿನ ಮುಂಬಲ್ಲುಗಳ ಸುತ್ತ ಹಾಲು ನಿಂತುಬಿಡುತ್ತದೆ, ಅದನ್ನು ತೊಳೆಯಬೇಕಾದ ಜೊಲ್ಲು ನಿದ್ದೆಯಲ್ಲಿ ಕಡಿಮೆಯಾಗಿರುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಗೆಯ ಮರೆಯಿದೆ, ಮೇಲಿನವಕ್ಕೆ ಅದೂ ಇಲ್ಲ. ಮಗುವಿನ ಮೇಲ್ದುಟಿಯನ್ನು ಮೆಲ್ಲನೆ ಎತ್ತಿ ನೋಡಿದರೆ, ವಸಡಿನ ಅಂಚಿನುದ್ದಕ್ಕೂ ಹೊಳಪಿಲ್ಲದ, ಸೀಮೆಸುಣ್ಣದಲ್ಲಿ ಗೀಚಿದಂಥ ಒಂದು ಬಿಳಿ ಗೆರೆ ಕಂಡೀತು. ಕಪ್ಪು ಕಲೆಯನ್ನಷ್ಟೇ ಹುಳುಕೆಂದು ತಿಳಿದವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಹಲ್ಲನ್ನು ಮೊದಲಿನ ಸ್ಥಿತಿಗೆ ತರಬಹುದಾದ ಘಟ್ಟ ಅದೇ. ಪೇಸ್ಟಿನಲ್ಲಿರುವ, ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡ್ ಮತ್ತು ಶಿಸ್ತು ಸೇರಿದರೆ ಆ ಗೆರೆ ಮತ್ತೆ ಗಟ್ಟಿಯಾಗುವುದುಂಟು.

ಇನ್ನು ಹಲ್ಲುಜ್ಜುವ ಪ್ರಸಂಗ. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಮಲಗಿರುವ ಪೇಸ್ಟನ್ನು ನೋಡಿ ಬೆಳೆದ ನಮಗೆ, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕೆಂದರೆ ಕೈ ಬಿಗಿಹಿಡಿದಂತೆ ಅನ್ನಿಸುತ್ತದೆ. ಎರಡು ನಿಮಿಷವೆಂಬುದು ಎಷ್ಟು ದೀರ್ಘವೆಂದು ತಿಳಿಯಬೇಕಾದರೆ, ತುಟಿಗಳನ್ನು ಬೀಗ ಹಾಕಿದಂತೆ ಬಿಗಿದು ತಲೆಯನ್ನು ಅತ್ತಿತ್ತ ಆಡಿಸುವ ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಬೇಕು. ಮುಂದೆ “ನಾನೇ ಉಜ್ಜುತ್ತೇನೆ” ಎಂಬ ಸ್ವಾತಂತ್ರ್ಯ ಹೋರಾಟ ಶುರುವಾಗುತ್ತದೆ. ಉಜ್ಜಲಿ, ಆದರೆ ಆಮೇಲೆ ದೊಡ್ಡವರು ಇನ್ನೊಮ್ಮೆ ಉಜ್ಜಬೇಕು. 7–8 ವರ್ಷದವರೆಗೆ ಆ ಪುಟ್ಟ ಕೈಗೆ ಹಿಂದಿನ ಹಲ್ಲು ಸರಿಯಾಗಿ ಎಟಕುವುದಿಲ್ಲ.

ಅಷ್ಟರಲ್ಲಿ, ಸುಮಾರು 6ನೆಯ ವರ್ಷದಲ್ಲಿ, ಎಲ್ಲರೂ ಅಲುಗಾಡುವ ಮುಂಬಲ್ಲಿನ ಸಂಭ್ರಮದಲ್ಲಿರುವಾಗ, ಕಟ್ಟಕಡೆಯ ದವಡೆ ಹಲ್ಲಿನ ಹಿಂದೆ ಮತ್ತೊಂದು ಹಲ್ಲು ಸದ್ದಿಲ್ಲದೆ ಮೇಲೇಳುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲುಗಳ ಲೆಕ್ಕಕ್ಕೇ ಸೇರಿಸಿಬಿಡುತ್ತೇವೆ. ನನ್ನ ಮಗಳ ಬಾಯಲ್ಲಿ ಅದನ್ನು ಕಂಡ ದಿನ ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡೆ. ಅದು ಜೀವಮಾನಕ್ಕೆ ಒಮ್ಮೆ ಮಾತ್ರ ಬರುವ ಹಲ್ಲು. ನೆರೆಯ ಹಲ್ಲುಗಳಿಗಿಂತ ಇನ್ನೂ ತಗ್ಗಿನಲ್ಲಿದ್ದು, ಮೈತುಂಬ ಆಳವಾದ ಗೀರುಗಳನ್ನು ಹೊತ್ತಿದ್ದ ಅದಕ್ಕೆ ತಾಗಲೆಂದು ಈಗ ಪ್ರತಿ ರಾತ್ರಿ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ತೂರಿಸುತ್ತೇನೆ, ಅವಳು ನನ್ನ ಬೆರಳನ್ನು ಕಚ್ಚುತ್ತಾಳೆ.